ಹಳೇ ಪಿಲ್ಲರ್ ಮೇಲೆ ಅಂತಸ್ತು ಏರಿಸುವ ಮುನ್ನ

ಹಳೇ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವ ಮಾತು ಬಂದರೆ ಕಲಬುರಗಿಯಲ್ಲಿ ಗೌಂಡಿ ಪಿಲ್ಲರ್‌ಗೆ ಸುತ್ತಿಗೆಯಿಂದ ತಟ್ಟಿ ‘ಗಟ್ಟಿ ಅದ’ ಎನ್ನುತ್ತಾನೆ. ಆ ಸದ್ದಿಗೆ ಪೊಳ್ಳು ಗಿಲಾವು ಗೊತ್ತಾದೀತು, ಒಳಗಿನ ಕಾಂಕ್ರೀಟಿನ ತಾಕತ್ತು ಗೊತ್ತಾಗದು. ಅದಕ್ಕೆ ಪಿಲ್ಲರ್ ಒಡೆಯದೆ ಮಾಡುವ ಪರೀಕ್ಷೆಗಳಿವೆ.

ಮೊದಲು ಪಿಲ್ಲರಿನ ಬುಡ, ನಡು, ತಲೆ ಮೂರೂ ಕಡೆ ಒಂದಡಿ ಚೌಕದಷ್ಟು ಗಿಲಾವು ತೆಗೆಸಿ. ತಲೆಯ ಭಾಗದ ಕಾಂಕ್ರೀಟ್ ಸಾಮಾನ್ಯವಾಗಿ ದುರ್ಬಲ, ಅದನ್ನು ಬಿಡಲೇಬೇಡಿ. ಕಾಂಕ್ರೀಟಿನೊಳಗಿನ ಕಬ್ಬಿಣ ಪತ್ತೆ ಮಾಡುವ ಕವರ್ ಮೀಟರಿನಿಂದ ಸರಳು ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೇಲ್ಮೈಯನ್ನು ಕಾರ್ಬೊರಂಡಮ್ ಕಲ್ಲಿನಿಂದ ಉಜ್ಜಿ. ಹಸಿ ಇದ್ದರೆ ಒಣಗಲು ಬಿಡಿ, ಹಸಿಯಲ್ಲಿ ಮುಂದಿನ ಹ್ಯಾಮರ್ ಪರೀಕ್ಷೆಯ ಅಂಕಿ ಕಡಿಮೆ ಬರುತ್ತದೆ.

ರಿಬೌಂಡ್ ಹ್ಯಾಮರ್ ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯಿತೆಂದು ಅಂಕಿಯಲ್ಲಿ ತೋರಿಸುವ ಉಪಕರಣ. ಅದನ್ನು ಮೊದಲು ತಪಾಸಣೆಗೆಂದೇ ಇರುವ ಉಕ್ಕಿನ ದಿಮ್ಮಿಯ (ಅನ್ವಿಲ್) ಮೇಲೆ ಹೊಡೆದು ಸರಿಯಿದೆಯೇ ನೋಡಬೇಕು. ಆಮೇಲೆ ಪಿಲ್ಲರಿಗೆ ನೇರ ಲಂಬವಾಗಿ ಹಿಡಿದು ನಿಧಾನಕ್ಕೆ ಒತ್ತಿ. ಅಂಚಿನಿಂದ 25 ಮಿ.ಮೀ. ದೂರವಿರಲಿ, ಹೊಡೆದ ಗುರುತಿನ ಮೇಲೆಯೇ ಮತ್ತೆ ಹೊಡೆಯಬೇಡಿ. ಒಂದು ಚೌಕಕ್ಕೆ ಆರಾದರೂ ಅಂಕಿ ಬೇಕು. ಕಾಂಕ್ರೀಟಿನೊಳಗಿನ ಖಡಿಯ (ಜಲ್ಲಿ) ಮೇಲೆ ಬಿದ್ದರೆ ಅಂಕಿ ಜಿಗಿಯುತ್ತದೆ, ಪೊಳ್ಳಿನ ಮೇಲೆ ಬಿದ್ದರೆ ಕುಸಿಯುತ್ತದೆ. ಅಂಥವನ್ನು ಬಿಟ್ಟು ಸರಾಸರಿ ತೆಗೆಯಿರಿ. ಖಡಿ ಸುಣ್ಣಕಲ್ಲಿನದೋ ಬಸಾಲ್ಟಿನದೋ ಅನ್ನುವುದರ ಮೇಲೂ ಅಂಕಿ ಬದಲಾಗುತ್ತದೆ. ಈ ಭಾಗದಲ್ಲಿ ಎರಡೂ ಸಿಗುವುದರಿಂದ ಅಂಕಿಯಿಂದ ತಾಕತ್ತು ಹೇಳುವ, ಹ್ಯಾಮರಿನ ಜೊತೆ ಬಂದ ಚಾರ್ಟನ್ನೇ ನಂಬಿ ಕೂರಬೇಡಿ.

ಇನ್ನೂ ದೊಡ್ಡ ಮೋಸ ಕಾರ್ಬೊನೇಷನ್ನಿನದು. ವರ್ಷಗಳಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದ ಹೊರಮೈ ಗಟ್ಟಿಯಾಗಿರುತ್ತದೆ, ಹ್ಯಾಮರ್ ಅದನ್ನೇ ಓದಿ ಶೇ 50ರವರೆಗೂ ಹೆಚ್ಚು ತೋರಿಸಬಲ್ಲದು. ಒಂದು ಮೂಲೆ ಸಣ್ಣಗೆ ಕೆತ್ತಿ, ಪುಡಿ ಊದಿ, ಆಲ್ಕೋಹಾಲಿನಲ್ಲಿ ಕರಗಿಸಿದ ಶೇ 1ರ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ಸಿಂಪಡಿಸಿ. ಒಳಗಿನ ಒಳ್ಳೆಯ ಕಾಂಕ್ರೀಟ್ ಕಡುಗುಲಾಬಿಗೆ ತಿರುಗುತ್ತದೆ, ಹೊರಗಿನ ಪದರ ಬೂದುಬಣ್ಣದಲ್ಲೇ ಉಳಿಯುತ್ತದೆ. ಆ ಬೂದುಬಣ್ಣದ ಪಟ್ಟಿಯನ್ನು ಅಳೆಯಿರಿ. ಅದು ಸರಳನ್ನು ಮುಟ್ಟಿದ್ದರೆ ಸರಳಿಗೆ ತುಕ್ಕಿನಿಂದ ರಕ್ಷಣೆ ಹೋಯಿತೆಂದೇ ಅರ್ಥ.

ಒಳಗಿನ ಪೊಳ್ಳಿಗೆ ಅಲ್ಟ್ರಾಸಾನಿಕ್ ಪರೀಕ್ಷೆ, ಅಂದರೆ ಕಿವಿಗೆ ಕೇಳದ ಶಬ್ದವನ್ನು ಕಾಂಕ್ರೀಟಿನಲ್ಲಿ ಹಾಯಿಸಿ ಅದರ ವೇಗ ಅಳೆಯುವುದು. ಶಬ್ದ ಬಿಡುವ, ಹಿಡಿಯುವ ಎರಡು ಬಿಲ್ಲೆಗೂ ಗ್ರೀಸ್ ಹಚ್ಚಿ ಪಿಲ್ಲರಿನ ಎದುರುಬದುರು ಮುಖಕ್ಕೆ ಒತ್ತಬೇಕು. ಶಬ್ದ 230 ಮಿ.ಮೀ. ದಾಟಲು 57.5 ಮೈಕ್ರೋಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 4 ಕಿ.ಮೀ., ಇದು ಒಳ್ಳೆಯದು. 3.5ಕ್ಕಿಂತ ಇಳಿದರೆ ಅನುಮಾನಿಸಿ. ಗ್ರೀಸಿನಲ್ಲಿ ಗಾಳಿ ಉಳಿದರೆ ಅಂಕಿ ಸುಳ್ಳೇ ಇಳಿಯುತ್ತದೆ, ಸರಳಿನ ಗುಂಟ ಹಾಯ್ದರೆ ಸುಳ್ಳೇ ಏರುತ್ತದೆ. ಸರಳು ತಪ್ಪಿಸಲು ಸೀಮೆಸುಣ್ಣದ ಗೆರೆ ಇಲ್ಲೂ ಬೇಕಾಗುತ್ತದೆ.

ಎರಡು ಪರೀಕ್ಷೆಗಳು ಹೊಂದದಿದ್ದರೆ ಕೋರ್, ಅಂದರೆ ಪ್ರಯೋಗಾಲಯದಲ್ಲಿ ಒಡೆದು ನೋಡಲು ಕಾಂಕ್ರೀಟಿನ ಉರುಳೆ, ಕೊರೆಸುವುದೇ ದಾರಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಮೂರಕ್ಕಿಂತ ಕಡಿಮೆ ಕೋರ್ ಸಲ್ಲದು. ಪಿಲ್ಲರ್ ಪಾಸಾದರೂ ಎರೆಮಣ್ಣಿನಲ್ಲಿ ಕೂತ ಬುನಾದಿಯ ಬಗ್ಗೆ ಇವು ಏನೂ ಹೇಳವು. ಒಂದು ಪಿಲ್ಲರಿನ ಪಕ್ಕ ಅಗೆಸಿ ಅದರ ಆಳ, ಅಗಲ ಅಳೆಸಿ, ಆ ಲೆಕ್ಕವನ್ನೂ ಸ್ಟ್ರಕ್ಚರಲ್ ಎಂಜಿನಿಯರಿಗೆ ಕೊಡಿ.