ಮೇಕ್‌ಫೈಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್: ವಿಂಡೋಸ್‌ಗೂ ಲಿನಕ್ಸ್‌ಗೂ ಹೊಂದುವಂತೆ ಬರೆಯುವುದು

ಕೋಲಾರದಲ್ಲಿ ನಾವು ಕೊಳವೆಬಾವಿ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರುವ ಪುಟ್ಟ ಬೋರ್ಡಿಗೆ ಪ್ರೋಗ್ರಾಂ ಬರೆಯುತ್ತೇವೆ. ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ. ಹೊಸದಾಗಿ ಸೇರಿದ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್ ಇದೆ. ನನ್ನಲ್ಲಿ ಸರಿಯಾಗಿ ನಡೆದ ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟುವ ಆಜ್ಞೆಗಳನ್ನು ‘ಮೇಕ್’ ಎಂಬ ಸಾಧನಕ್ಕೆ ತಿಳಿಸುವ ಕಡತ) ಅವರಲ್ಲಿ ‘ಮೂಲಪಂಪ್.ಸಿ’ ಎಂಬ ಕಡತವೇ ಇಲ್ಲವೆಂದು ನಿಂತುಬಿಟ್ಟಿತು. ‘ಮೂಲ’ ಫೋಲ್ಡರಿನೊಳಗಿನ ‘ಪಂಪ್.ಸಿ’ ಎಂಬರ್ಥದಲ್ಲಿ ನಾನು ಬರೆದಿದ್ದದ್ದು ‘ಮೂಲ\ಪಂಪ್.ಸಿ’. ನಡುವಿನ ಗೆರೆಯನ್ನು, ಅಂದರೆ ಬ್ಯಾಕ್‌ಸ್ಲ್ಯಾಶನ್ನು, ನುಂಗಿದ್ದು ಮೇಕ್ ಅಲ್ಲ, ಆಜ್ಞೆಯನ್ನು ನಡೆಸುವ ಶೆಲ್; ಅದಕ್ಕೆ ಬ್ಯಾಕ್‌ಸ್ಲ್ಯಾಶ್ ಎಂದರೆ ಮುಂದಿನ ಅಕ್ಷರವನ್ನು ಇದ್ದಂತೆಯೇ ತೆಗೆದುಕೋ ಎಂಬ ಸೂಚನೆ. (ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಕೋಡಿನ ಪದಗಳನ್ನು ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.)

ಆದ್ದರಿಂದ ಮೊದಲ ಕೆಲಸವೆಂದರೆ, ಮೇಕ್‌ಫೈಲ್‌ನ ಎಲ್ಲ ಪಾತ್‌ಗಳನ್ನೂ (ಕಡತ ಎಲ್ಲಿದೆಯೆಂದು ಹೇಳುವ ವಿಳಾಸಗಳನ್ನೂ) ಫಾರ್ವರ್ಡ್ ಸ್ಲ್ಯಾಶ್‌ನಲ್ಲಿ (/) ಬರೆಯುವುದು. ವಿಂಡೋಸ್ ಅದನ್ನು ಒಪ್ಪುತ್ತದೆ, ಸಿ ಕಂಪೈಲರ್ ಆದ ಜಿಸಿಸಿಯೂ ಒಪ್ಪುತ್ತದೆ. ಗ್ನೂ ಮೇಕ್‌ನಲ್ಲಿ ಹಲವು ಕಡತಗಳನ್ನು ಒಟ್ಟಿಗೆ ಹುಡುಕುವ ವೈಲ್ಡ್‌ಕಾರ್ಡ್‌ಗಂತೂ ಇದು ಕಡ್ಡಾಯ, ಏಕೆಂದರೆ ‘ಮೂಲ\*.ಸಿ’ ಎಂದು ಬರೆದರೆ ನಕ್ಷತ್ರ ಚಿಹ್ನೆ ತನ್ನ ವಿಶೇಷ ಅರ್ಥವನ್ನೇ ಕಳೆದುಕೊಂಡು ಒಂದು ಕಡತವೂ ಸಿಗುವುದಿಲ್ಲ. ಸಾಲಿನ ಕೊನೆಯಲ್ಲಿ ‘ಬಿಲ್ಡ್\’ ಎಂದು ನಿಲ್ಲಿಸಿದರೆ ಇನ್ನೂ ಕಷ್ಟ: ಮೇಕ್ ಅದನ್ನು ಸಾಲು ಮುಂದುವರಿದಿದೆಯೆಂದು ತಿಳಿದು ಕೆಳಗಿನ ಸಾಲನ್ನೂ ಅದೇ ವೇರಿಯಬಲ್‌ಗೆ ಸೇರಿಸಿಕೊಳ್ಳುತ್ತದೆ, ದೋಷವು ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ.

ತೊಡಕು ಉಳಿಯುವುದು ವಿಂಡೋಸ್‌ನ ಶೆಲ್ ಆದ ಸಿಎಂಡಿಯ ಸ್ವಂತ ಆಜ್ಞೆಗಳಲ್ಲಿ: ಅಳಿಸುವ ಡೆಲ್, ನಕಲಿಸುವ ಕಾಪಿ, ಫೋಲ್ಡರ್ ಮಾಡುವ ಎಂಕೆಡಿಐಆರ್. ವಿಂಡೋಸ್‌ಗೆ ಮೊದಲಿನ ಎಂಎಸ್-ಡಾಸ್‌ನ 2.0 ಆವೃತ್ತಿ ಬಂದ 1983ರಲ್ಲಿ ಫೋಲ್ಡರುಗಳು ಬಂದವು. ಆದರೆ ಫಾರ್ವರ್ಡ್ ಸ್ಲ್ಯಾಶ್ ಅದಕ್ಕೆ ಮೊದಲೇ ಆಜ್ಞೆಯ ಆಯ್ಕೆಗಳಿಗೆ ಮೀಸಲಾಗಿತ್ತು. ಹೀಗಾಗಿ ‘ಡೆಲ್ ಬಿಲ್ಡ್/ಪಂಪ್.ಓ’ ಎಂದರೆ ಸಿಎಂಡಿ ಇಂದಿಗೂ ಸ್ಲ್ಯಾಶ್‌ನ ನಂತರದ ಭಾಗವನ್ನು ಆಯ್ಕೆಯೆಂದೇ ಓದುತ್ತದೆ. ಇಂಥ ಆಜ್ಞೆಗಳಿಗೆ ಮಾತ್ರ, ಅದೂ ಆಜ್ಞೆಯ ಸಾಲಿನಲ್ಲೇ, ಒಂದರ ಬದಲು ಇನ್ನೊಂದನ್ನು ಇಡುವ ಮೇಕ್‌ನ ‘ಸಬ್ಸ್ಟ್’ನಿಂದ ಗೆರೆಯನ್ನು ತಿರುಗಿಸಬೇಕು:

ಡೆಲ್ $(ಸಬ್ಸ್ಟ್ /,\,$(ಕಡತಗಳು))

ಇದನ್ನು ವಿಂಡೋಸ್‌ಗಷ್ಟೇ ಸೀಮಿತಗೊಳಿಸಲು ‘ಓಎಸ್’ ವೇರಿಯಬಲ್‌ನ ಬೆಲೆ ‘ವಿಂಡೋಸ್_ಎನ್‌ಟಿ’ ಆಗಿದೆಯೇ ಎಂದು ನೋಡುವುದು ವಾಡಿಕೆ. ಆದರೆ ಅಷ್ಟೇ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಂಡೋಸ್ ಯಂತ್ರದಲ್ಲೂ ಗಿಟ್ (ಕೋಡಿನ ಆವೃತ್ತಿಗಳನ್ನು ಕಾಯುವ ಸಾಧನ) ಜೊತೆ ಬಂದ, ಲಿನಕ್ಸ್ ಬಗೆಯ ಶೆಲ್ ಆದ ‘ಎಸ್‌ಎಚ್’, ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಾದ ‘ಪಾತ್’ ವೇರಿಯಬಲ್ ಮೂಲಕ ಸಿಕ್ಕರೆ ಗ್ನೂ ಮೇಕ್ ಸಿಎಂಡಿಯನ್ನು ಬಿಟ್ಟು ಅದನ್ನೇ ಬಳಸುತ್ತದೆ; ಆಗ ತಿರುಗಿಸಿದ ಗೆರೆ ಮತ್ತೆ ಮಾಯವಾಗುತ್ತದೆ, ಡೆಲ್ ಆಜ್ಞೆಯೂ ಸಿಗುವುದಿಲ್ಲ. ಆದ್ದರಿಂದ ಅದೇ ಷರತ್ತಿನೊಳಗೆ ‘ಶೆಲ್ := ಸಿಎಂಡಿ.ಇಎಕ್ಸ್‌ಇ’ ಎಂದು ಸ್ಪಷ್ಟವಾಗಿ ಬರೆದುಬಿಡಿ. ನಾವು ಹಾಗೆ ಬರೆದು, ಅಳಿಸುವ ಆಜ್ಞೆಗೆ ಒಂದೇ ವೇರಿಯಬಲ್ ಇಟ್ಟು, ವಿಂಡೋಸ್‌ನಲ್ಲಿ ಡೆಲ್, ಉಳಿದೆಡೆ ‘ಆರ್‌ಎಂ -ಎಫ್’ ಬರುವಂತೆ ಮಾಡಿದೆವು.

ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬೇಡ. ಮೇಕ್ ಅದನ್ನು ಎರಡು ಹೆಸರುಗಳೆಂದೇ ಎಣಿಸುತ್ತದೆ.

ಬದಲಾವಣೆಯ ನಂತರ ‘ಮೇಕ್ -ಎನ್’ ಎಂದು ಎರಡೂ ಯಂತ್ರಗಳಲ್ಲಿ ಓಡಿಸಿ. ಅದು ಆಜ್ಞೆಗಳನ್ನು ನಡೆಸದೆ, ಶೆಲ್‌ಗೆ ಒಪ್ಪಿಸುವ ರೂಪದಲ್ಲೇ ಮುದ್ರಿಸುತ್ತದೆ. ಉಬುಂಟುವಿನಲ್ಲಿ ಮುದ್ರಿತವಾದ ಸಾಲಿನ ಯಾವುದೇ ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಕಂಡರೆ, ತಿದ್ದಬೇಕಾದ ಜಾಗ ಅದೇ.