ವಿದೇಶಿ ಫೆಲೋಶಿಪ್‌ಗೆ ಅರ್ಜಿ ಹಾಕುವ ಮುಂಚೆ

ಬರಹಗಾರರು, ಸಂಶೋಧಕರು ಕೆಲವು ಕಾಲ ಅಲ್ಲೇ ಉಳಿದು ಕೆಲಸ ಮಾಡುವ ಫೆಲೋಶಿಪ್‌ಗಳು ಇವು. ಮೊದಲು ಯಾವುದಕ್ಕೆ ಅರ್ಜಿ ಹಾಕಬಹುದು ಅಂತ ನೋಡಿ. ಇಟಲಿಯ ಚಿವಿತೆಲ್ಲಾ ರನಿಯೇರಿಗೆ ನಾವಾಗಿ ಹಾಕುವ ಹಾಗಿಲ್ಲ, ಬೇರೆಯವರು ಹೆಸರು ಸೂಚಿಸಬೇಕು. ಕೋಮೋ ಸರೋವರದ ದಡದ ಬೆಲ್ಲಾಜಿಯೋ ಕೆಲವೇ ವಾರಗಳದ್ದು. ಬರ್ಲಿನ್‌ನ ವಿಸೆನ್‌ಶಾಫ್ಟ್ಸ್‌ಕೊಲೆಗ್ ಆದರೆ ಹೆಚ್ಚುಕಮ್ಮಿ ಇಡೀ ವರ್ಷ. ಕಾಲೇಜಲ್ಲಿ ರಜೆ ಸಿಗದವರಿಗೆ ಚಿಕ್ಕದೇ ವಾಸಿ.

ಜಾಸ್ತಿ ಹೊತ್ತು ಕೊಡಬೇಕಾದದ್ದು ಪ್ರಾಜೆಕ್ಟ್ ಬರಹಕ್ಕೆ. ನನ್ನ ಕೆಲಸ ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರ ಹಾಡಿನ ಮೇಲೆ. ‘ಜಾನಪದದ ಮಹತ್ವ’ ಅಂತ ಶುರು ಮಾಡಿದರೆ ಓದುವವರು ಆಕಳಿಸುತ್ತಾರೆ, ಅಲ್ವಾ? ನಾನು ಹೀಗೆ ಬರೆದೆ: ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಒಬ್ಬರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತಾರೆ, ಹಿಮ್ಮೇಳದವರು ಸಾಲಿನ ಕೊನೆಯನ್ನು ಎತ್ತಿಕೊಳ್ಳುತ್ತಾರೆ. ಆ ಸಾಲು ಹಾಳೆಗೆ ಇಳಿದಾಗ ಹಿಮ್ಮೇಳ ಎಲ್ಲಿ ಹೋಗುತ್ತದೆ? ಇಷ್ಟು ಸಣ್ಣ ಪ್ರಶ್ನೆ ಸಾಕು. ಅದನ್ನು ಆ ಫೆಲೋಶಿಪ್ ಜಾಗಕ್ಕೇ ಹೋಗಿ ಯಾಕೆ ಬರೆಯಬೇಕು ಅನ್ನುವುದಕ್ಕೂ ಉತ್ತರ ಇರಲಿ.

ಶಿಫಾರಸು ಪತ್ರಕ್ಕೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಮೇಷ್ಟ್ರನ್ನು ಕೊನೇ ವಾರ ಹಿಡಿಯಬೇಡಿ. ನಿಮ್ಮ ಬರಹವನ್ನೂ ಜೊತೆಗೇ ಕೊಡಿ, ಇಲ್ಲದಿದ್ದರೆ ‘ಒಳ್ಳೆ ಹುಡುಗಿ’ ಅಂತ ಎರಡು ಸಾಲು ಬರುತ್ತದೆ ಅಷ್ಟೇ.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾ 180 ದಿನದಲ್ಲಿ 90 ದಿನಕ್ಕೆ ಮಾತ್ರ. ಜಾಸ್ತಿ ಇರುವುದಾದರೆ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ವಿಮಾನದ ಟಿಕೆಟ್ ಯಾರ ತಲೆಗೆ ಅಂತ ಆಯ್ಕೆ ಪತ್ರದಲ್ಲಿ ಓದಿಯೇ ಒಪ್ಪಿಕೊಳ್ಳಿ.