ಚೆಂಗ್ಡುವಿನ ಹುಡುಗರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ್ದು

ಚೀನಾದ ಕಾಲೇಜು ಹುಡುಗರಿಗೆ ಇಂಗ್ಲಿಷ್ ಬರಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬರುತ್ತದೆ, ಬೇಕಾದಷ್ಟು ಬರುತ್ತದೆ. ಬಾಯಿ ಬಿಡುವುದಿಲ್ಲ, ಅಷ್ಟೇ. ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನ ಒಂದು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಮಾತಾಡುವ ಇಂಗ್ಲಿಷ್ ಕಲಿಸಿದೆ. ನನ್ನ ಕ್ಲಾಸಿಗೆ ಬರುತ್ತಿದ್ದವರು ಎಂಜಿನಿಯರಿಂಗ್, ಅಕೌಂಟಿಂಗ್ ಓದುವ ಮೊದಲೆರಡು ವರ್ಷದವರು.

ಅವರೆಲ್ಲ ಮೂರನೇ ತರಗತಿಯಿಂದ, ಕೆಲವರು ಅದಕ್ಕೂ ಮೊದಲಿನಿಂದ, ಇಂಗ್ಲಿಷ್ ಓದಿಕೊಂಡು ಬಂದವರು. ಕಾಲೇಜು ಸೇರಲು ಜೂನ್‌ನಲ್ಲಿ ಗಾವ್‌ಕಾವ್ ಪರೀಕ್ಷೆ ಬರೆಯಬೇಕು. ಸಾಮಾನ್ಯವಾಗಿ ಒಟ್ಟು 750 ಅಂಕ, ಅದರಲ್ಲಿ 150 ಇಂಗ್ಲಿಷಿಗೆ. ಒಳಗೆ ಬಂದ ಮೇಲೆ ಸಿಇಟಿ-4. ನಮ್ಮ ಸಿಇಟಿ ಅಲ್ಲ, ಇದು ಕಾಲೇಜ್ ಇಂಗ್ಲಿಷ್ ಟೆಸ್ಟ್. 1987ರಿಂದ ಇದೆ, ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ನಡೆಯುತ್ತದೆ. 710ಕ್ಕೆ 425 ಬಂದರೆ ಗೆದ್ದಂತೆ. ಕೆಲಸಕ್ಕೆ ಅರ್ಜಿ ಹಾಕುವಾಗ ಈ ಅಂಕ ಕೇಳುವವರು ಜಾಸ್ತಿ. ಪ್ರಬಂಧ, ಕೇಳಿ ಉತ್ತರಿಸುವುದು, ಓದಿ ಉತ್ತರಿಸುವುದು, ಚೀನೀ ಪ್ಯಾರಾದ ಅನುವಾದ, ಎಲ್ಲ ಅದರಲ್ಲಿದೆ. ಮಾತಾಡುವ ಪರೀಕ್ಷೆ ಮಾತ್ರ ಬೇರೆ, ಬೇಕಾದವರು ಕೊಡಬಹುದು. ಹಾಗಿರುವಾಗ ಮಾತಾಡುವುದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಎಲ್ಲರ ಕೈಯಲ್ಲೂ ಪದಪಟ್ಟಿ ಪುಸ್ತಕ. ಅಕ್ಷರಕ್ರಮದಲ್ಲಿ ಇರುವುದರಿಂದ ಶುರುವಿಗೇ ‘ಅಬ್ಯಾಂಡನ್’ ಸಿಗುತ್ತದೆ, ಅಂದರೆ ‘ಕೈಬಿಡು’. ಅರ್ಧ ಜನ ಆ ಪದದ ಮಾತು ಕೇಳಿ ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ ಅನ್ನೋದು ಅಲ್ಲಿನ ಹಳೇ ಜೋಕು.

ಸುಮ್ಮನೆ ಕೂರುವುದಕ್ಕೆ ನಾಚಿಕೆ ಕಾರಣ ಅಂತ ಹೊರಗಿನಿಂದ ಬಂದವರು ಹೇಳಿಬಿಡುತ್ತಾರೆ. ನನಗೆ ಅದು ಅರ್ಧ ಉತ್ತರ ಅನ್ನಿಸಿತು. ಅಲ್ಲಿ ಒಂದು ಬ್ಯಾಚ್ ಅಂದರೆ ನಾಲ್ಕು ವರ್ಷವೂ ಅದೇ ಬ್ಯಾಚ್. ಅದೇ ಸಹಪಾಠಿಗಳು, ಹಾಸ್ಟೆಲಿನಲ್ಲೂ ಹೆಚ್ಚುಕಡಿಮೆ ಅವರೇ ರೂಮ್‌ಮೇಟುಗಳು. ಇವತ್ತು ಎದ್ದು ನಿಂತು ತಪ್ಪು ಹೇಳಿದರೆ ರಾತ್ರಿ ರೂಮಿನಲ್ಲೂ ಅದೇ ಮಾತು. ಎದ್ದು ನಿಂತು ಎಲ್ಲ ಸರಿ ಹೇಳಿದರೂ ಕಷ್ಟ, ಜಂಬ ಅಂದುಕೊಳ್ಳುತ್ತಾರೆ. ಹಾಗಾಗಿ ‘ಯಾರಾದರೂ ಹೇಳಿ ನೋಡೋಣ’ ಅಂತ ಇಡೀ ಕ್ಲಾಸಿಗೆ ಪ್ರಶ್ನೆ ಎಸೆಯುವುದರಿಂದ ಏನೂ ಹುಟ್ಟುವುದಿಲ್ಲ. ಕೊನೆಗೆ ಪಾಪ, ಕ್ಲಾಸ್ ಲೀಡರ್ ಕರ್ತವ್ಯ ಅಂತ ಎದ್ದು ಏನೋ ಒಂದು ಹೇಳುತ್ತಾನೆ.

ನಾನು ಮಾಡಿದ್ದು ಹೀಗೆ. ಮೊದಲು ವಿಷಯ ಕೊಟ್ಟು ಮೂರು ನಿಮಿಷ ಬರೆದುಕೊಳ್ಳಲು ಬಿಡುವುದು. ಪೂರ್ತಿ ವಾಕ್ಯ ಬೇಡ, ನಾಲ್ಕೈದು ಪದ ಸಾಕು. ಆಮೇಲೆ ಪಕ್ಕದವರ ಜೊತೆ ಮಾತು. ಎಲ್ಲರೂ ಒಟ್ಟಿಗೆ ಮಾತಾಡುವುದರಿಂದ ಆ ಗದ್ದಲದಲ್ಲಿ ಯಾರ ತಪ್ಪೂ ಯಾರಿಗೂ ಕೇಳಿಸುವುದಿಲ್ಲ. ಇದು ದೊಡ್ಡ ಧೈರ್ಯ. ನಂತರ ಎರಡು ಜೋಡಿ ಸೇರಿ ನಾಲ್ವರ ಗುಂಪು. ಇಲ್ಲಿ ಒಂದೇ ನಿಯಮ: ನಿನ್ನ ಮಾತು ಹೇಳಬಾರದು, ನಿನ್ನ ಜೊತೆಗಾರ ಹೇಳಿದ್ದನ್ನು ಹೇಳಬೇಕು. ತನ್ನ ಅಭಿಪ್ರಾಯ ಅಲ್ಲ ಅಂದ ತಕ್ಷಣ ಬಾಯಿ ಸಲೀಸಾಗಿ ಓಡುತ್ತದೆ. ಕೊನೆಗೆ ಗುಂಪಿನಿಂದ ಒಬ್ಬರು ಇಡೀ ಕ್ಲಾಸಿಗೆ ವರದಿ ಒಪ್ಪಿಸುವುದು. ಅಷ್ಟರಲ್ಲಿ ಅದೇ ವಿಷಯ ಎರಡು ಸಲ ಬಾಯಲ್ಲಿ ಆಡಿರುತ್ತದೆ. ಹಿಂದಿನ ಸಾಲಿನಲ್ಲಿ ಟೋಪಿ ಕೆಳಗೆ ಎಳೆದುಕೊಂಡು ಕೂರುತ್ತಿದ್ದ ಹುಡುಗನೊಬ್ಬ ಮೊದಲ ಸಲ ನಿಂತು ಮಾತಾಡಿದ್ದು ಹೀಗೆಯೇ, ಗೆಳೆಯನ ಊರಿನ ಮೊಲದ ತಲೆ ಮಸಾಲೆ ಬಗ್ಗೆ. ಊರಿನ ಊಟದ ಮಾತು ಬಂದರೆ ಚೆಂಗ್ಡುವಿನಲ್ಲಿ ಯಾರೂ ಸುಮ್ಮನಿರುವುದಿಲ್ಲ.

ಜೊತೆಗಾರನ ಮಾತು ಹೇಳಿಸುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಚೀನೀ ಮಾತಿನಲ್ಲಿ ಅವನು, ಅವಳು ಎರಡೂ ‘ತಾ’. ಬರೆಯುವಾಗ ಬೇರೆ ಅಕ್ಷರ, ಕಿವಿಗೆ ಒಂದೇ. ಹಾಗಾಗಿ ಪೇಪರಿನಲ್ಲಿ ಒಂದೂ ತಪ್ಪು ಮಾಡದ ಹುಡುಗಿ ಮಾತಿಗಿಳಿದರೆ ತನ್ನ ಅಪ್ಪನನ್ನು ‘ಶೀ’ ಅಂದುಬಿಡುತ್ತಾಳೆ. ಮಧ್ಯೆ ತಡೆದು ತಿದ್ದಿದರೆ ಮಾತೇ ನಿಂತುಹೋಗುತ್ತದೆ. ಕೇಳಿಸಿದ ತಪ್ಪನ್ನೆಲ್ಲ ಚೀಟಿಯಲ್ಲಿ ಗುರುತು ಹಾಕಿಕೊಂಡು ಕೊನೆಯ ಹತ್ತು ನಿಮಿಷ ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ತಿದ್ದುವುದು ಅವರೇ. ಅದರಲ್ಲಿ ಎಲ್ಲರೂ ಹುಲಿಗಳು!

ಉಚ್ಚಾರಣೆಯಲ್ಲಿ ನಾನು ಕನ್ನಡದವನಾಗಿದ್ದು ಲಾಭವೇ ಆಯಿತು. ಅವರ ಭಾಷೆಯಲ್ಲಿ ‘ನ್’, ‘ಂಗ್’ ಬಿಟ್ಟರೆ ವ್ಯಂಜನದಲ್ಲಿ ಮುಗಿಯುವ ಶಬ್ದ ಕಡಿಮೆ. ಹಾಗಾಗಿ ‘ಗುಡ್’ ಹೋಗಿ ‘ಗುಡಾ’, ‘ಕೇಕ್’ ಹೋಗಿ ‘ಕೇಕಾ’ ಆಗುತ್ತದೆ. ನಾವೂ ಬಸ್ಸು, ಕಾರು, ಬ್ಯಾಂಕು ಅನ್ನುವವರು ತಾನೇ? ಅದನ್ನು ಹೇಳಿದಾಗ ಕ್ಲಾಸೆಲ್ಲ ನಗು. ಬರೀ ‘ಗುಡ್, ಗುಡ್’ ಅಂತ ನೂರು ಸಲ ಹೇಳಿಸಿದರೆ ಉಪಯೋಗವಿಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ವ್ಯಂಜನವನ್ನು ಅದಕ್ಕೇ ಅಂಟಿಸಿ ಅಂತ ಹೇಳಿಕೊಟ್ಟೆ. ‘ಪಿಕ್ ಇಟ್ ಅಪ್’ ಅನ್ನೋದನ್ನ ‘ಪಿ-ಕಿ-ಟಪ್’ ಅಂತ. ಅದು ಅವರ ನಾಲಿಗೆಗೆ ಹೊಂದುತ್ತದೆ, ಕೇಳಲೂ ಸಹಜ. ಸಿಚುವಾನ್, ಹುನಾನ್ ಕಡೆಯ ಎಷ್ಟೋ ಮಕ್ಕಳಿಗೆ ‘ನ’ಕಾರ ‘ಲ’ಕಾರ ಕಲಸಿಹೋಗಿರುತ್ತದೆ. ‘ನೈಟ್’, ‘ಲೈಟ್’ ಎರಡೂ ಒಂದೇ. ಮೂಗು ಹಿಡಿದುಕೊಂಡು ಹೇಳಿಸುತ್ತಿದ್ದೆ: ‘ಲೈಟ್’ ಆರಾಮಾಗಿ ಬರುತ್ತದೆ, ‘ನೈಟ್’ ಕಟ್ಟಿಕೊಳ್ಳುತ್ತದೆ. ವ್ಯತ್ಯಾಸ ಆಗ ಅವರಿಗೇ ಗೊತ್ತಾಗುತ್ತದೆ.

ದೊಡ್ಡ ಸಂಖ್ಯೆ ಬಂದರೆ ಅಕೌಂಟಿಂಗ್ ಓದುವವರೂ ತಡವರಿಸುತ್ತಾರೆ. ಅವರ ಎಣಿಕೆ ಹತ್ತು ಸಾವಿರದ ಲೆಕ್ಕ. ಹತ್ತು ಸಾವಿರಕ್ಕೆ ಒಂದು ವಾನ್, ಹತ್ತು ಕೋಟಿಗೆ ಒಂದು ಯಿ. ಚೆಂಗ್ಡುವಿನ ಜನಸಂಖ್ಯೆ 2 ಕೋಟಿ ದಾಟಿದೆ, ಅಂದರೆ 2,000 ವಾನ್. ಅದನ್ನು ಇಂಗ್ಲಿಷಿನಲ್ಲಿ ಹೇಳು ಅಂದರೆ ಎರಡು ಮಿಲಿಯನ್ನಿಂದ ಇನ್ನೂರು ಮಿಲಿಯನ್‌ವರೆಗೆ ಎಲ್ಲ ಉತ್ತರವೂ ಬರುತ್ತದೆ. ಲಕ್ಷ, ಕೋಟಿಯಲ್ಲಿ ಬೆಳೆದ ನನಗೆ ಆ ಗೋಳು ಚೆನ್ನಾಗಿ ಗೊತ್ತು. ನಮಗೆ ಹತ್ತು ಲಕ್ಷ ಹೇಗೋ ಹಾಗೆ ಅವರಿಗೆ ನೂರು ವಾನ್ ಒಂದು ಮಿಲಿಯನ್. ಅದೊಂದನ್ನು ನೆನಪಿಟ್ಟುಕೊಳ್ಳಲು ಹೇಳಿ, ಕ್ಲಾಸಿನ ಮೊದಲ ಐದು ನಿಮಿಷ ಫ್ಲ್ಯಾಟಿನ ಬೆಲೆ, ಊರಿನ ಜನಸಂಖ್ಯೆ ಬೋರ್ಡಿನ ಮೇಲೆ ಬರೆದು ಓದಿಸುತ್ತಿದ್ದೆ.

ಬರವಣಿಗೆ ನನ್ನ ಪಾಲಿಗೆ ಇರಲಿಲ್ಲ, ಆದರೂ ಪ್ರಬಂಧ ತಂದು ತೋರಿಸುತ್ತಿದ್ದರು. ಹತ್ತರಲ್ಲಿ ಏಳು ‘ವಿತ್ ದ ರ‍್ಯಾಪಿಡ್ ಡೆವಲಪ್‌ಮೆಂಟ್ ಆಫ್ ಸೊಸೈಟಿ’ ಅಂತಲೇ ಶುರು. ಹಾಗೆ ಬರೆಯಬೇಡಿ ಅಂತ ನಾನು ಉಪದೇಶ ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಬೇಕಾದವನಿಗೆ ಸಿದ್ಧ ಸಾಲು ಬೇಕೇ ಬೇಕು.

ಹೋಗಬೇಕೆನ್ನುವವರಿಗೆ ಎರಡು ಮಾತು. ಅಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾದ ದೇಶಗಳ ಪಾಸ್‌ಪೋರ್ಟಿನವರಿಗೆ. ಬ್ರಿಟನ್ನಿನ ಡಿಗ್ರಿ, ಕಲಿಸಿದ ಅನುಭವ ಎರಡೂ ಇದ್ದದ್ದರಿಂದ ನನ್ನ ಕೆಲಸ ಆಯಿತು. ನಿಯಮ ಊರಿಂದ ಊರಿಗೆ ಬೇರೆ ಥರ ನೋಡುತ್ತಾರೆ, ಹೊರಡುವ ಮೊದಲೇ ವಿಚಾರಿಸಿ. ಗೂಗಲ್, ಯೂಟ್ಯೂಬ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ಕ್ಲಾಸಿಗೆ ಬೇಕಾದ ಆಡಿಯೊ, ವಿಡಿಯೊ ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಉಳಿದದ್ದೆಲ್ಲ ವಿಚಾಟ್ ಅನ್ನುವ ಅಲ್ಲಿನ ಮೆಸೇಜ್ ಆ್ಯಪಿನಲ್ಲೇ. ಹೋಮ್‌ವರ್ಕನ್ನೂ ನಾನು ವಿಚಾಟ್ ದನಿಸಂದೇಶದಲ್ಲೇ ತರಿಸಿಕೊಳ್ಳುತ್ತಿದ್ದೆ, ಒಂದು ನಿಮಿಷ ಮೀರದಂತೆ. ಕ್ಲಾಸಿನಲ್ಲಿ ಪಿಸುಗುಡುವ ಹುಡುಗಿಯರು ಅದನ್ನು ಕಳಿಸುವ ಮೊದಲು ಐದಾರು ಸಲ ರೆಕಾರ್ಡ್ ಮಾಡುತ್ತಿದ್ದರಂತೆ. ನನಗೆ ಬೇಕಾಗಿದ್ದೂ ಅದೇ, ಕಳಿಸಿದ ಒಂದಕ್ಕಿಂತ ಅಳಿಸಿದ ಐದು.

ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಇಬ್ಬಿಬ್ಬರಾಗಿ ಬರಬೇಕು, ಚೀಟಿ ಎತ್ತಬೇಕು, ಅದರಲ್ಲಿದ್ದ ವಿಷಯ ಮಾತಾಡಬೇಕು. ಅಂಕ ಹೇಗೆ ಹಂಚುತ್ತೇನೆ ಅನ್ನೋದನ್ನ ಮೊದಲ ವಾರವೇ ಹೇಳಿಬಿಡುತ್ತಿದ್ದೆ. ಅಲ್ಲಿ ಸ್ಕಾಲರ್‌ಶಿಪ್ ಸರಾಸರಿ ಅಂಕದ ಮೇಲೆ ನಿಂತಿರುತ್ತದೆ, ಎಲ್ಲರೂ ಲೆಕ್ಕ ಹಾಕುತ್ತಾರೆ. ಜೊತೆಗಾರನ ಮಾತಿಗೆ ತಿರುಗಿ ಪ್ರಶ್ನೆ ಕೇಳಿದರೆ ಅದಕ್ಕೂ ಅಂಕ, ಇಬ್ಬರಿಗೂ. ಕಂಠಪಾಠ ಮಾಡಿ ಬಂದವರು ಅಲ್ಲಿ ಸಿಕ್ಕಿಬೀಳುತ್ತಿದ್ದರು. ಎರಡನೇ ಸೆಮಿಸ್ಟರ್ ಹೊತ್ತಿಗೆ ನಾನು ಗಂಟೆ ನೋಡಿ ‘ಸಾಕು’ ಅನ್ನಬೇಕಾಗುತ್ತಿತ್ತು.